ನಲ್ಲಿಯಲ್ಲಿ ಶಾಕ್, ಗೋಡೆಯೊಳಗೆ ಹಳೆಯ ವೈರು: ಬಾಡಿಗೆದಾರರು ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಲ್ಲಿ ಮೂವತ್ತು ವರ್ಷಕ್ಕೂ ಹಳೆಯದಾದ ಮನೆಯೊಂದರ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಗೀಸರ್ ಹಾಕಿದಾಗ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ; ಆರಿಸಿದರೆ ಏನೂ ಇಲ್ಲ. ನಮ್ಮ ವಾಷಿಂಗ್ ಮಷೀನಿನ ಮೈ ಮುಟ್ಟಿದರೂ ಸಣ್ಣಗೆ ಚುರುಗುಟ್ಟುತ್ತದೆ. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಮತ್ತು ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್) ಬೀಳುತ್ತಿತ್ತು. ಹೋದ ತಿಂಗಳು ಮಾಲೀಕರು 10 ಆಂಪಿಯರಿನದನ್ನು ತೆಗೆಸಿ 32 ಆಂಪಿಯರಿನದನ್ನು ಹಾಕಿಸಿದ ಮೇಲೆ ಬೀಳುತ್ತಿಲ್ಲ. ಅವರು ಕಳಿಸಿದ ಎಲೆಕ್ಟ್ರಿಷಿಯನ್, ‘ಈ ಮನೆಗೆ ಅರ್ಥಿಂಗೇ ಇಲ್ಲ, ಪ್ಲಗ್ ಪಾಯಿಂಟಿನೊಳಗೆ ನ್ಯೂಟ್ರಲ್ಲಿಗೆ ಒಂದು ತುಂಡು ವೈರು ಕೊಟ್ಟುಬಿಡ್ತೀನಿ, ಶಾಕ್ ನಿಲ್ಲುತ್ತೆ’ ಎನ್ನುತ್ತಾರೆ. ಮಾಲೀಕರು, ‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ, ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ’ ಎನ್ನುತ್ತಾರೆ. ಇದಕ್ಕೆ ಒಪ್ಪಬಹುದೇ? ಸರಿಪಡಿಸುವ ಖರ್ಚು ಯಾರದು?

ಉತ್ತರ: ಮೊದಲಿಗೆ ಇವತ್ತೇ ಮಾಡಬೇಕಾದ ಕೆಲಸ. ಗೀಸರಿನ ಸ್ವಿಚ್ ಆರಿಸಿ, ಪ್ಲಗ್ ಇದ್ದರೆ ಒಣ ಕೈಯಲ್ಲಿ ಅದನ್ನು ಕಿತ್ತುಬಿಡಿ; ಪ್ಲಗ್ ಇಲ್ಲದೆ ನೇರವಾಗಿ ವೈರು ಕೊಟ್ಟಿದ್ದರೆ ಆ ಸಾಲಿನ ಎಂಸಿಬಿಯನ್ನೇ ಕೆಳಗಿಳಿಸಿ, ಮನೆಯವರೆಲ್ಲರಿಗೂ ಹೇಳಿಡಿ. ದುರಸ್ತಿಯಾಗುವವರೆಗೆ ಸ್ನಾನದ ನೀರನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿಕೊಳ್ಳಿ. ಗೀಸರಿಗೆ ಬದಲಾಗಿ ಬಕೆಟ್ಟಿಗೆ ಹೀಟರ್ ರಾಡ್ ಇಳಿಬಿಡುವುದಂತೂ ಬೇಡವೇ ಬೇಡ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಗೀಸರಿಗಿಂತ ಅಪಾಯಕಾರಿ. ‘ಸ್ವಲ್ಪ ಜುಮ್ಮೆನ್ನುತ್ತದೆ ಅಷ್ಟೇ’ ಎಂಬ ಮಾತಿಗೆ ಬಚ್ಚಲುಮನೆಯಲ್ಲಿ ಅರ್ಥವಿಲ್ಲ. ಮೈಯಲ್ಲಿ ಅರ್ಧ ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುವುದು ಗೊತ್ತಾಗುತ್ತದೆ, 10 ಮಿಲಿಆಂಪಿಯರ್ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, 30 ದಾಟಿ ಕೆಲವು ಕ್ಷಣ ನಿಂತರೆ ಹೃದಯದ ಬಡಿತವೇ ತಪ್ಪಬಹುದು. ಒಣ ಚರ್ಮದಲ್ಲಿ ಜುಮ್ಮೆನಿಸಿದ ಅದೇ ನಲ್ಲಿ, ಮೈಯೆಲ್ಲ ಒದ್ದೆಯಾಗಿ ಬರಿಗಾಲಿನಲ್ಲಿ ನಿಂತಾಗ ಅದರ ಹಲವು ಪಟ್ಟು ಕರೆಂಟನ್ನು ಮೈಗೆ ಹಾಯಿಸುತ್ತದೆ. ಚಪ್ಪಲಿಯ ವಿಷಯಕ್ಕೆ ಬಂದರೆ, ನೀರು ಸುರಿಯುವ ಕಡೆ ಒದ್ದೆಯಾದ ಚಪ್ಪಲಿಯನ್ನು ನೆಚ್ಚುವಂತಿಲ್ಲ. ಇನ್ನೊಂದು ಕೈ ಒದ್ದೆ ಗೋಡೆಗೋ ಬೇರೊಂದು ನಲ್ಲಿಗೋ ತಾಗಿದರೆ ಅದರಿಂದ ಏನೂ ಪ್ರಯೋಜನವಿಲ್ಲ.

ನಿಮ್ಮ ಮನೆಯಲ್ಲಿ ಇರುವುದು ಒಂದು ದೋಷವಲ್ಲ, ಮೂರು. ಅವನ್ನು ಬೇರೆಬೇರೆಯಾಗಿ ನೋಡದಿದ್ದರೆ, ಒಂದನ್ನು ಮುಚ್ಚಿಹಾಕಿ ಎಲ್ಲ ಸರಿಹೋಯಿತೆಂದು ಭಾವಿಸುವ ತಪ್ಪಾಗುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಿರುವ ಉಪಾಯವೂ ಅಂಥದ್ದೇ.

ಗೀಸರ್ ಹಾಕಿದಾಗ ಮಾತ್ರ ನಲ್ಲಿಯಲ್ಲಿ ಶಾಕ್ ಬರುತ್ತದೆ ಎಂದು ನೀವು ಬರೆದಿರುವುದು ಬಹಳ ಮುಖ್ಯವಾದ ಸುಳಿವು. ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ಎಂದರೆ ಒಂದು ಲೋಹದ ಕೊಳವೆ, ಅದರ ನಡುವೆ ಕಾಯುವ ತಂತಿ, ಎರಡರ ಮಧ್ಯೆ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಬೋರ್‌ವೆಲ್ ನೀರಿನ ಗಡಸುತನದಿಂದ ಕೊಳವೆಯ ಮೇಲೆ ಬಿಳಿ ಪದರ ಕಟ್ಟುತ್ತಾ ಹೋದಂತೆ ಕಾವು ನೀರಿಗೆ ಸರಿಯಾಗಿ ಇಳಿಯದೆ ಕಾಯಿಲ್ ಅತಿಯಾಗಿ ಬಿಸಿಯಾಗುತ್ತದೆ, ಕಾಲಕ್ರಮೇಣ ಕೊಳವೆ ತೂತುಬೀಳುತ್ತದೆ ಅಥವಾ ಸೀಳುತ್ತದೆ. ಆಮೇಲೆ ಪುಡಿಗೆ ನೀರು ತಾಕಿ, ಕರೆಂಟು ನೀರಿಗೂ ಗೀಸರಿನ ಟ್ಯಾಂಕಿಗೂ ಸೋರತೊಡಗುತ್ತದೆ. ಈಗಿನ ಮನೆಗಳಲ್ಲಿ ಪೈಪು ಪ್ಲಾಸ್ಟಿಕ್ಕಿನದಾದರೂ ಒಳಗಿನ ಗಡಸು ನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಲೋಹದ ನಲ್ಲಿಯವರೆಗೂ ಅದು ಬರುತ್ತದೆ. ಹಾಗಾಗಿ ನಿಮ್ಮಲ್ಲಿ ಕಾಯಿಲ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಇದು ಉಪಕರಣದ ದೋಷ. ಕಾಯಿಲ್ ಅಥವಾ ಗೀಸರನ್ನೇ ಬದಲಿಸದೆ ಬೇರೆ ದಾರಿಯಿಲ್ಲ. ಅರ್ಥಿಂಗ್ ಕೊಟ್ಟ ಮಾತ್ರಕ್ಕೆ ಕೆಟ್ಟ ಕಾಯಿಲ್ ಒಳ್ಳೆಯದಾಗುವುದಿಲ್ಲ.

ವಾಷಿಂಗ್ ಮಷೀನಿನದು ಇದಕ್ಕಿಂತ ಬೇರೆ ಕಥೆ, ಮತ್ತು ಬಹುಶಃ ಮಷೀನಿನಲ್ಲಿ ಏನೂ ಕೆಟ್ಟಿಲ್ಲ. ಇಂದಿನ ಮಷೀನು, ಕಂಪ್ಯೂಟರುಗಳ ಒಳಗೆ ವಿದ್ಯುತ್ ಗದ್ದಲವನ್ನು ತಡೆಯುವ ಫಿಲ್ಟರ್ ಇರುತ್ತದೆ. ಅದರ ಚಿಕ್ಕ ಕೆಪಾಸಿಟರುಗಳಲ್ಲಿ ಒಂದು ಫೇಸಿನಿಂದಲೂ (ಕರೆಂಟು ತರುವ ತಂತಿ) ಇನ್ನೊಂದು ನ್ಯೂಟ್ರಲ್ಲಿನಿಂದಲೂ (ಅದು ವಾಪಸಾಗುವ ತಂತಿ) ಉಪಕರಣದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಇದ್ದರೆ ಅವು ಹಾಯಿಸುವ ಅಲ್ಪ ಕರೆಂಟು ಸದ್ದಿಲ್ಲದೆ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮಷೀನಿನ ಮೈ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತದೆ. ಟೆಸ್ಟರ್ ಇಟ್ಟರೆ ಉರಿಯುತ್ತದೆ, ಮುಂಗೈ ಸವರಿದರೆ ಚುರುಗುಟ್ಟುತ್ತದೆ. ಅಂದರೆ ಮಷೀನು ನಿಮಗೆ ಹೇಳುತ್ತಿರುವುದು ಆ ಪಾಯಿಂಟಿನಲ್ಲಿ ಅರ್ಥ್ ಇಲ್ಲವೆಂಬುದನ್ನು. ಅದರ ಅಪಾಯ ಇವತ್ತಿನದಲ್ಲ. ಮುಂದೆಂದಾದರೂ ಮಷೀನಿನೊಳಗೆ ಫೇಸ್ ವೈರು ಸವೆದು ಮೈಗೆ ತಾಗಿದ ದಿನದ್ದು. ಅಲ್ಲಿಯವರೆಗೆ ಬಟ್ಟೆ ತೆಗೆಯುವಾಗಲೂ ನೀರು ಒರೆಸುವಾಗಲೂ ಪ್ಲಗ್ ಕಿತ್ತಿಡುವುದು ಒಳ್ಳೆಯದು.

ಈಗ ನ್ಯೂಟ್ರಲ್ಲಿಗೆ ಕೊಡುವ ಆ ತುಂಡು ವೈರಿನ ಮಾತು. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ; ಈಗಾಗಲೇ ಕೊಟ್ಟಿದ್ದರೆ ತೆಗೆಸಿ. ಹಾಗೆ ಮಾಡಿದರೆ ಶಾಕ್ ನಿಲ್ಲುವುದು ನಿಜ, ಮೋಸ ಇರುವುದೂ ಅಲ್ಲೇ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರುತ್ತಾರಾದ್ದರಿಂದ ‘ನ್ಯೂಟ್ರಲ್ಲೂ ಅರ್ಥೂ ಒಂದೇ ಸಾರ್’ ಎಂದು ಎಲೆಕ್ಟ್ರಿಷಿಯನ್ನರು ಧೈರ್ಯವಾಗಿ ಹೇಳುತ್ತಾರೆ. ಆದರೆ ನ್ಯೂಟ್ರಲ್ ಎಂದರೆ ಕೆಲಸ ಮಾಡುವ ಕರೆಂಟು ವಾಪಸಾಗುವ ದಾರಿ. ಅರ್ಥ್ ಎಂದರೆ ಸಾಮಾನ್ಯವಾಗಿ ಏನೂ ಹರಿಯದೆ ಆಪತ್ತಿಗಾಗಿ ಕಾದಿರುವ ದಾರಿ. ನಿಮ್ಮ ಪ್ಲಗ್ ಪಾಯಿಂಟಿನಿಂದ ಮೀಟರ್ ಬೋರ್ಡಿನವರೆಗೆ ಎಲ್ಲಾದರೂ ಒಂದು ಕಡೆ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಕೊಂಡಿತೆನ್ನಿ. ಆಗ ಫೇಸಿನಿಂದ ಬಂದ ಕರೆಂಟು ಮಷೀನಿನ ಮೋಟಾರನ್ನೋ ಗೀಸರಿನ ಕಾಯಿಲನ್ನೋ ದಾಟಿ ನ್ಯೂಟ್ರಲ್ಲಿಗೆ ಬಂದು, ಅಲ್ಲಿಂದ ನೀವು ಕೊಟ್ಟ ತುಂಡು ವೈರಿನ ಮೂಲಕ ಉಪಕರಣದ ಮೈಗೆ ಬರುತ್ತದೆ. ಮಷೀನು ನಿಂತುಹೋಗುತ್ತದೆ, ‘ಕರೆಂಟ್ ಇಲ್ಲ’ ಎಂದುಕೊಂಡು ಅದನ್ನು ಮುಟ್ಟಿದವರಿಗೆ ಪೂರ್ತಿ 230 ವೋಲ್ಟ್ ತಗಲುತ್ತದೆ. ಯಾರಾದರೂ ಮುಂದೊಂದು ದಿನ ಬೋರ್ಡ್ ರಿಪೇರಿ ಮಾಡುವಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿದರಂತೂ (ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ) ಏನೂ ಮುರಿಯದೆಯೇ ಮೈಯೆಲ್ಲ ಫೇಸಾಗಿ ನಿಲ್ಲುತ್ತದೆ. ಇದರ ಇನ್ನೊಂದು ಕೇಡೆಂದರೆ, ಅಂಗಡಿಯಲ್ಲಿ ಸಿಗುವ ಮೂರು ದೀಪದ ಸಾಕೆಟ್ ಟೆಸ್ಟರನ್ನು ಸಿಕ್ಕಿಸಿ ನೋಡಿದರೂ ಅದು ‘ಎಲ್ಲ ಸರಿ’ ಎಂದೇ ತೋರಿಸುತ್ತದೆ. ಅರ್ಥ್ ವೈರನ್ನು ನೀರಿನ ಪೈಪಿಗೆ ಕಟ್ಟುವ ಸಲಹೆ ಬಂದರೂ ಹಾಗೆಯೇ ನಿರಾಕರಿಸಿ: ಪೈಪಿನ ಮಧ್ಯೆ ಎಲ್ಲೋ ಒಂದು ಪ್ಲಾಸ್ಟಿಕ್ ತುಂಡು ಸೇರಿದ್ದರೆ ಅದು ಭೂಮಿಯನ್ನು ಮುಟ್ಟುವುದೇ ಇಲ್ಲ, ನಿಮ್ಮ ಮನೆಯ ಶಾಕ್ ಕೆಳಮನೆಯವರ ನಲ್ಲಿಗೆ ಹೋಗುತ್ತದೆ.

ಹಾಗಾದರೆ ಸರಿಯಾದ ದುರಸ್ತಿ ಯಾವುದು? ನನ್ನ ಅಭಿಪ್ರಾಯದಲ್ಲಿ ಮೊದಲು ಬರಬೇಕಾದದ್ದು ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹಲವರು ಇದನ್ನು ಹಳೆಯ ರೂಢಿಯಂತೆ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸಾಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ಕಡಿಮೆ ಬಂದರೂ, ಅಂದರೆ ಅಷ್ಟು ಬೇರೆಲ್ಲೋ ಸೋರುತ್ತಿದ್ದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ತಂತಿಗಳನ್ನು ಕಡಿದುಹಾಕುತ್ತದೆ. ಅದು ಕೆಲಸ ಮಾಡಲು ಅರ್ಥಿಂಗ್ ಇರಲೇಬೇಕೆಂದಿಲ್ಲ. ಅರ್ಥಿಂಗ್ ಇದ್ದರೆ ಉಪಕರಣದಲ್ಲಿ ಸೋರಿಕೆಯಾದ ತಕ್ಷಣ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದಾಗ ಬೀಳುತ್ತದೆ, ಆಗ ಒಂದು ಪೆಟ್ಟು ತಗಲಿದರೂ ಜೀವ ಉಳಿಯುವ ಸಂಭವ ಬಹಳ ಹೆಚ್ಚು. ಆದ್ದರಿಂದಲೇ ಅರ್ಥ್ ವೈರು ಎಳೆಯುವ ದೊಡ್ಡ ಕೆಲಸ ತಡವಾದರೂ ಇದು ಮಾತ್ರ ಈ ವಾರವೇ ಆಗಬೇಕು. ಮನೆಯದು ಸಿಂಗಲ್ ಫೇಸ್ ಸಂಪರ್ಕವಾದರೆ ಎರಡು ಪೋಲಿನದು ಸಾಕು. ಆಂಪಿಯರ್ ಅಳತೆ ಮೇನ್ ಎಂಸಿಬಿಯದಕ್ಕಿಂತ ಕಡಿಮೆಯಿರಬಾರದು. ಇನ್ವರ್ಟರ್ ಮೋಟಾರಿನ ವಾಷಿಂಗ್ ಮಷೀನು, ಎಸಿ ಇರುವ ಮನೆಗೆ ‘ಎ ಟೈಪ್’ ಕೇಳಿ ತೆಗೆದುಕೊಳ್ಳುವುದು ಉತ್ತಮ. ಐಎಸ್‌ಐ ಗುರುತಿರುವ ಒಂದಕ್ಕೆ ಸುಮಾರು ಎರಡು ಮೂರು ಸಾವಿರ ರೂಪಾಯಿ ಆದೀತು. 300 ಮಿಲಿಆಂಪಿಯರಿನದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಬೆಂಕಿಯ ತಡೆಗೆ, ಮನುಷ್ಯರ ರಕ್ಷಣೆಗಲ್ಲ.

ಇಲ್ಲೊಂದು ಎಚ್ಚರಿಕೆ. ಆರ್‌ಸಿಸಿಬಿ ಹಾಕಿದ ದಿನವೇ ಅದು ಬೀಳತೊಡಗಬಹುದು, ಎಲೆಕ್ಟ್ರಿಷಿಯನ್ ‘ಪೀಸ್ ಸರಿಯಿಲ್ಲ’ ಎಂದು ಅದನ್ನು ದಾಟಿಸಿ ನೇರವಾಗಿ ವೈರು ಕೊಟ್ಟು ಹೋಗಬಹುದು. ಬೋರ್ಡಿನಲ್ಲಿ ಆರ್‌ಸಿಸಿಬಿ ಕೂತಿದೆ, ಆದರೆ ಅದರೊಳಗೆ ಕರೆಂಟೇ ಹರಿಯುತ್ತಿಲ್ಲ ಎಂಬ ಸ್ಥಿತಿಯನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಅದರಲ್ಲೂ ಯುಪಿಎಸ್ ಹಾಕಿಸಿಕೊಂಡ ಮನೆಗಳಲ್ಲಿ. ಯುಪಿಎಸ್‌ನಿಂದ ಹೊರಟ ದೀಪಗಳ ನ್ಯೂಟ್ರಲ್ಲನ್ನು ಮನೆಯ ಬೇರೊಂದು ನ್ಯೂಟ್ರಲ್ಲಿನೊಂದಿಗೆ ಬೆರೆಸಿಬಿಟ್ಟಿದ್ದರೆ ಆರ್‌ಸಿಸಿಬಿಯ ತೂಕ ತಪ್ಪಿ ಅದು ಬೀಳುವುದು ಸಹಜ. ಅಲ್ಲಿ ಆಗಬೇಕಾದದ್ದು ನ್ಯೂಟ್ರಲ್ಲುಗಳನ್ನು ಬಿಡಿಸಿ ಬೇರ್ಪಡಿಸುವ ಕೆಲಸ. ನಿಮ್ಮ ಗೀಸರನ್ನು ಜೋಡಿಸಿದಾಗ ಮಾತ್ರ ಬಿದ್ದರೆ ಕಾಯಿಲ್ ಕೆಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂಬ ಚಿಕ್ಕ ಗುಂಡಿ ಇರುತ್ತದೆ. ಒತ್ತಿದರೆ ತಟ್ಟನೆ ಬಿದ್ದು ಮನೆಯ ಕರೆಂಟು ಹೋಗಬೇಕು. ಕೆಲಸ ಮುಗಿಸಿದವರ ಕೈಯಲ್ಲೇ ಇದನ್ನು ಒತ್ತಿಸಿ ನೋಡಿ, ಆಮೇಲೆ ತಿಂಗಳಿಗೊಮ್ಮೆ ನೀವೇ ಒತ್ತಿ ನೋಡುತ್ತಿರಿ.

ಎಂಸಿಬಿ ಇರುವಾಗ ಇದೇಕೆ ಬೇಕು ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ. ನಮ್ಮ ಮನೆಗಳ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ 20 ಓಮ್ ಆಗಿರುವುದು ಏನೂ ಆಶ್ಚರ್ಯವಲ್ಲ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. ಫೇಸ್ ನೇರವಾಗಿ ಗೀಸರಿನ ಮೈಗೆ ತಾಗಿದರೂ ಹರಿಯುವುದು ಅಷ್ಟೇ. 16 ಆಂಪಿಯರಿನ ಎಂಸಿಬಿ ಅದನ್ನು ಗೀಸರ್ ನೀರು ಕಾಯಿಸುತ್ತಿದೆ ಎಂದುಕೊಂಡು ಸುಮ್ಮನಿರುತ್ತದೆ. ಎಂಸಿಬಿ ಇರುವುದು ವೈರನ್ನು ಕಾಪಾಡುವುದಕ್ಕೆ, ಮನುಷ್ಯರನ್ನಲ್ಲ. ತೀರ ಸಣ್ಣ ಸಂಪರ್ಕಗಳನ್ನು ಬಿಟ್ಟರೆ ಸೋರಿಕೆ ತಡೆಯುವ ಸಾಧನ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ.

ವೈರನ್ನು ಕಾಪಾಡುವ ಆ ಕೆಲಸವನ್ನೂ ನಿಮ್ಮ ಅಡುಗೆಮನೆಯ ಎಂಸಿಬಿ ಈಗ ಮಾಡುತ್ತಿಲ್ಲ. ಮೂರನೆಯ ದೋಷ ಇದು. ಶಾಕಿನಂತೆ ಇದು ಮೊದಲೇ ಸುಳಿವು ಕೊಡುವುದಿಲ್ಲ. 2000 ವಾಟಿನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, ಮೈಕ್ರೋವೇವ್ ಐದಾರು. ಎರಡೂ ಸೇರಿ 15ರ ಹತ್ತಿರ. 10 ಆಂಪಿಯರಿನ ಎಂಸಿಬಿ ಬೀಳುತ್ತಿದ್ದುದು ಸರಿಯಾಗಿಯೇ ಇತ್ತು. ಗೋಡೆಯೊಳಗಿನ ವೈರು 1 ಅಥವಾ 1.5 ಚದರ ಮಿಲಿಮೀಟರಿನದಾದರೆ, ಹಳೆಯ ಮನೆಗಳ ಸಾಮಾನ್ಯ ಪಾಯಿಂಟುಗಳಲ್ಲಿ ಇರುವುದು ಅದೇ, ಅದು 32 ಆಂಪಿಯರನ್ನು ತಾಳುವುದಿಲ್ಲ. ಎಂಸಿಬಿ ಬೀಳುವ ಮೊದಲೇ ಪೈಪಿನೊಳಗೆ ವೈರಿನ ಹೊದಿಕೆ ಕಾದು ಮೆತ್ತಗಾಗಿ ಸುಟ್ಟುಹೋಗುತ್ತದೆ. ಹಳೆಯ ಎಂಸಿಬಿಯ ಅಳತೆಗೇ ಹಿಂತಿರುಗುವಂತೆ ಹೇಳಿ. ಅಥವಾ ಮೇನ್ ಬೋರ್ಡಿನಿಂದ ಅಡುಗೆಮನೆಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಅರ್ಥ್ ವೈರಿನ ಸಮೇತ ಹೊಸದಾಗಿ ಎಳೆಸಿ, 16 ಆಂಪಿಯರಿನ ಪವರ್ ಪಾಯಿಂಟ್ ಹಾಕಿಸಲಿ. ಗೋಡೆ ಕೊರೆಯುವುದು ಬೇಡವೆಂದರೆ ಗೋಡೆಯ ಮೇಲೆಯೇ ಕೇಸಿಂಗ್ ಪಟ್ಟಿಯಲ್ಲಿ ಎಳೆಯಬಹುದು. ಚೆಂದ ಸ್ವಲ್ಪ ಕಡಿಮೆ, ಸುರಕ್ಷತೆಯೇನೂ ಕಡಿಮೆಯಲ್ಲ. ಅಲ್ಲಿಯವರೆಗೆ ಒಲೆ ಮತ್ತು ಮೈಕ್ರೋವೇವ್ ಒಟ್ಟಿಗೆ ಬೇಡ. ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗನ್ನು ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರ್ ಪ್ಲಗ್ಗನ್ನು ನೀವು ಬಳಸುತ್ತಿದ್ದರೆ ಅದನ್ನೂ ಬಿಸಾಡಿ.

ಬಾಡಿಗೆದಾರರಾಗಿ ನೀವು ಬೋರ್ಡ್ ಬಿಚ್ಚಬೇಕಾಗಿಲ್ಲ, ಬಿಚ್ಚಲೂಬಾರದು. ಬಿಚ್ಚದೆಯೇ ಬಹಳಷ್ಟು ತಿಳಿಯಬಹುದು. ಇಂಡಕ್ಷನ್ ಒಲೆ ಅರ್ಧ ಗಂಟೆ ಉರಿದ ಮೇಲೆ ಆರಿಸಿ, ಪ್ಲಗ್ ತೆಗೆದು, ಅದರ ಪಿನ್ನುಗಳ ಬುಡವನ್ನು ನೋಡಿ: ಬಿಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಒಂದು ಪಿನ್ ಮಾತ್ರ ನೀಲಿಗಪ್ಪಾಗಿದ್ದರೆ ಆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಅರ್ಥಿನದು. ಉಪಕರಣಕ್ಕೆ ಮೊದಲು ಅರ್ಥ್ ಸೇರಿ ಕೊನೆಯಲ್ಲಿ ಬಿಡಲೆಂದು ಅದು ಉಳಿದೆರಡಕ್ಕಿಂತ ಉದ್ದವೂ ಇರುತ್ತದೆ. ಹಿಂದಿನವರು ಅದನ್ನು ಕಿತ್ತುಹಾಕಿದ್ದಾರೆಯೇ, ಮೂರು ಪಿನ್ನಿನ ಪ್ಲಗ್ಗಿಗೆ ಎರಡೇ ಎಳೆಯ ವೈರು ಹೋಗಿದೆಯೇ ನೋಡಿ. ಎಲ್ಲಾದರೂ ಬರಿ ವೈರಿನ ತುದಿಯನ್ನು ಸಾಕೆಟ್ಟಿಗೆ ಬೆಂಕಿಕಡ್ಡಿಯಿಂದ ಸಿಕ್ಕಿಸಿದ್ದರೆ ಮೇನ್ ಆರಿಸಿ ತೆಗೆದುಬಿಡಿ. ಮೀಟರನ್ನೂ ಗಮನಿಸಿ: ಅನೇಕ ಮೀಟರುಗಳಲ್ಲಿ ‘ಇಎಲ್’ ಎಂಬ ಕೆಂಪು ದೀಪವಿರುತ್ತದೆ; ಅದು ಉರಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ನಿಮ್ಮ ನ್ಯೂಟ್ರಲ್ ಪಕ್ಕದ ಮನೆಯದರೊಂದಿಗೆ ಬೆರೆತಿದೆ. ಇದ್ದಕ್ಕಿದ್ದಂತೆ ಮನೆಯ ಕೆಲವು ದೀಪಗಳು ಕಣ್ಣು ಕುಕ್ಕುವಂತೆ ಉರಿದು ಇನ್ನು ಕೆಲವು ಮಂಕಾದರೆ ಮಾತ್ರ ಯೋಚಿಸುತ್ತಾ ಕೂರಬೇಡಿ. ಅದು ನ್ಯೂಟ್ರಲ್ ಕಡಿದುಕೊಂಡಿರುವ ಲಕ್ಷಣ. ಮೇನ್ ಆರಿಸಿ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಉಳಿದ ಪರೀಕ್ಷೆಗಳನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಕಡೆಯವರಿಂದಲೇ ಮಾಡಿಸಿ. ಬಲ್ಬು, ಫ್ಯಾನು, ಸ್ವಿಚ್ಚುಗಳಂಥವನ್ನು ಬದಲಿಸುವುದನ್ನು ಬಿಟ್ಟರೆ ವೈರಿಂಗ್ ಕೆಲಸವನ್ನು ಅವರೇ ಮಾಡಬೇಕೆಂಬುದು ನಿಯಮವೂ ಹೌದು. ಬಂದವರ ಕೈಯಲ್ಲಿ ಟೆಸ್ಟರ್ ಸ್ಕ್ರೂಡ್ರೈವರ್ ಒಂದೇ ಇದ್ದರೆ ಅವರು ಪರೀಕ್ಷೆ ಮಾಡಲು ಬಂದವರಲ್ಲ. 500 ವೋಲ್ಟಿನ ಮೆಗ್ಗರ್ ಹಾಕಿ ವೈರುಗಳ ಇನ್ಸುಲೇಷನ್ ನೋಡಲಿ, ಒಂದು ಮೆಗಾಓಮಿಗಿಂತ ಕೆಳಗಿರುವ ಸಾಲನ್ನು ಬದಲಿಸಬೇಕು. ಕೆಳಗೆ ಅರ್ಥ್ ಗುಂಡಿ ಇದೆಯೇ, ಇದ್ದರೆ ಅದರ ರೋಧ ಎಷ್ಟು ಎಂಬುದನ್ನು ಅರ್ಥ್ ಟೆಸ್ಟರಿನಲ್ಲಿ ಅಳೆಯಲಿ. ಎಷ್ಟೋ ಹಳೆಯ ಮನೆಗಳಲ್ಲಿ ಗುಂಡಿ ಚೆನ್ನಾಗಿಯೇ ಇದ್ದು, ಮೇಲಿನ ಮಹಡಿ ಕಟ್ಟಿದಾಗ ಅರ್ಥ್ ವೈರನ್ನು ಮೇಲಕ್ಕೆ ತರುವುದನ್ನೇ ಬಿಟ್ಟಿರುತ್ತಾರೆ. ನಿಮ್ಮದೂ ಹಾಗಿದ್ದರೆ ಖರ್ಚು ಮಾಲೀಕರು ಅಂಜಿದಷ್ಟು ಆಗಲಾರದು. ಗೀಸರಿನ ಸ್ವಿಚ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಿಪಿ ಸ್ವಿಚ್ ಆಗಿರಲಿ.

ಇನ್ನು ಖರ್ಚಿನ ಪ್ರಶ್ನೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ನಿಮ್ಮದೂ ಅದರ ಹೊರಗೇ ಇರುತ್ತದೆ. ಆಗ ನೋಡಬೇಕಾದದ್ದು ನಿಮ್ಮ ಬಾಡಿಗೆ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು. ಮಾಲೀಕರು ಮಾಡಿಕೊಡಲು ಬದ್ಧರಾಗಿರುವ ದುರಸ್ತಿಯನ್ನು, ತಿಳಿಸಿದ ಮೇಲೂ ಸೂಕ್ತ ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ವೆಚ್ಚವನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ಅದು ಹೇಳುತ್ತದೆ. ‘ಬದ್ಧರಾಗಿರುವ’ ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಆದ್ದರಿಂದ ಕರಾರಿನಲ್ಲಿ ದುರಸ್ತಿಯ ಬಗ್ಗೆ ಏನು ಬರೆದಿದೆ ಎಂದು ಮೊದಲು ಓದಿ. ಸಾಮಾನ್ಯವಾಗಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು ಎಂದಿರುತ್ತದೆ. ಸ್ವಿಚ್ಚು, ಬಲ್ಬು ಅದರಲ್ಲಿ ಬರಬಹುದು. ಗೋಡೆಯೊಳಗಿನ ವೈರು, ಅರ್ಥಿಂಗ್, ಮಾಲೀಕರೇ ಕೂರಿಸಿಕೊಟ್ಟ ಗೀಸರ್ ಇವು ಸಣ್ಣಪುಟ್ಟದ್ದೆಂದು ನಾನು ಒಪ್ಪುವುದಿಲ್ಲ. ಕರಾರಿನಲ್ಲಿ ಏನೂ ಇಲ್ಲದಿದ್ದರೆ, ಬಾಡಿಗೆ ಮುರಿದುಕೊಳ್ಳುವ ಮೊದಲು ವಕೀಲರೊಬ್ಬರಿಗೆ ಕರಾರು ತೋರಿಸುವುದು ಜಾಣತನ, ಏಕೆಂದರೆ ಬಾಡಿಗೆ ಬಾಕಿ ಎಂಬ ನೆಪ ಅವರಿಗೆ ಸಿಗಬಾರದು.

ಬಾಯಿಮಾತಿನಲ್ಲಿ ನಡೆದದ್ದು ಸಾಕು, ಬರವಣಿಗೆಯಲ್ಲಿ ತಿಳಿಸಿ. ವಾಟ್ಸಾಪಿನಲ್ಲಿ ಒಮ್ಮೆ, ಸ್ಪೀಡ್ ಪೋಸ್ಟಿನಲ್ಲಿ ಒಮ್ಮೆ ಕಳಿಸಿದರೆ ಒಳ್ಳೆಯದು. ಒಕ್ಕಣೆ ಗಡಸಾಗಿರಬೇಕಿಲ್ಲ: ‘ಮಾನ್ಯರೇ, ಗೀಸರ್ ಹಾಕಿದಾಗ ಬಚ್ಚಲುಮನೆಯ ನಲ್ಲಿಯಲ್ಲಿ ಶಾಕ್ ಬರುತ್ತಿದೆ. ಮನೆಗೆ ಅರ್ಥಿಂಗ್ ಇಲ್ಲವೆಂದು ತಾವು ಕಳಿಸಿದ ಎಲೆಕ್ಟ್ರಿಷಿಯನ್ನರೇ ತಿಳಿಸಿದ್ದಾರೆ. ಅಡುಗೆಮನೆಯ ವೈರಿಗೆ ಹೊಂದದ ಎಂಸಿಬಿ ಹಾಕಲಾಗಿದೆ. ಗೀಸರ್ ಬಳಕೆಯನ್ನು ನಿಲ್ಲಿಸಿದ್ದೇವೆ. ದಯವಿಟ್ಟು ಹದಿನೈದು ದಿನದೊಳಗೆ ಪರವಾನಗಿ ಇರುವವರಿಂದ ಪರೀಕ್ಷೆ ಮಾಡಿಸಿ ದುರಸ್ತಿ ಮಾಡಿಸಿಕೊಡಬೇಕಾಗಿ ವಿನಂತಿ’ ಎಂದರೆ ಸಾಕು, ಜೊತೆಗೆ ಫೋಟೋ ಇರಲಿ. ಮುಂದೆ ಏನಾದರೂ ಅನಾಹುತವಾದರೆ ‘ನನಗೆ ಗೊತ್ತಿರಲಿಲ್ಲ’ ಎನ್ನಲು ದಾರಿಯಿಲ್ಲವೆಂಬುದು ಮಾಲೀಕರಿಗೆ ಇಂಥ ಪತ್ರ ಕೈಸೇರಿದಾಗಲೇ ಹೊಳೆಯುವುದು. ಬೆಸ್ಕಾಂ ಹೊಣೆ ಮೀಟರಿನವರೆಗೆ ಮಾತ್ರ, ಆದ್ದರಿಂದ ಒಳಗಿನ ವೈರಿಂಗಿಗೆ ಅವರನ್ನು ಕರೆದು ಪ್ರಯೋಜನವಿಲ್ಲ. ಮಾಲೀಕರು ಜಪ್ಪಯ್ಯ ಎಂದರೂ ಜಗ್ಗದಿದ್ದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ದೂರು ಕೊಡಬಹುದು.

ಇಷ್ಟಾದರೂ ಅವರು ಒಪ್ಪದಿದ್ದರೆ ಆರ್‌ಸಿಸಿಬಿಯ ಖರ್ಚನ್ನು ನೀವೇ ಹಾಕಿ, ಅನುಮತಿಯನ್ನು ಮಾತ್ರ ಬರವಣಿಗೆಯಲ್ಲಿ ಪಡೆಯಿರಿ. ಎರಡು ಮೂರು ಸಾವಿರಕ್ಕಾಗಿ ತಿಂಗಳುಗಟ್ಟಲೆ ವಾದಿಸುವ ವಿಷಯ ಇದಲ್ಲ. ಮನೆ ಬಿಡುವಾಗ ಅದನ್ನು ಪರವಾನಗಿ ಇರುವವರಿಂದಲೇ ಬಿಚ್ಚಿಸಿಕೊಂಡು ಹೋಗಬಹುದು, ಇಲ್ಲವೇ ಅಡ್ವಾನ್ಸ್ ವಾಪಸು ಪಡೆಯುವಾಗ ಅದರ ಬೆಲೆ ಸೇರಿಸಿ ಕೇಳಬಹುದು. ಗೀಸರ್ ಮತ್ತು ಹೊಸ ವೈರಿನ ಖರ್ಚನ್ನು ಮಾತ್ರ ನೀವು ಮೈಮೇಲೆ ಎಳೆದುಕೊಳ್ಳಬೇಡಿ. ಅದು ಅವರ ಮನೆಯಲ್ಲೇ ಉಳಿಯುವ ಆಸ್ತಿ.